ಗಾಜಿನ ಆಚೆ ಹಾವು, ಈಚೆ ಡಾರ್ವಿನ್

ಎಲ್ಲರಿಗೂ ನಮಸ್ಕಾರ. ಇವತ್ತು ಫೆಬ್ರವರಿ 12, ಡಾರ್ವಿನ್ ಹುಟ್ಟಿದ ದಿನ. ವಿಕಾಸವಾದ ಅಂದರೇನು ಅಂತ ಈ ಸಭೆಗೆ ನಾನು ಹೇಳಬೇಕಿಲ್ಲ. ನನ್ನ ತಕರಾರು ಬೇರೆ. ಹೋದ ವಾರ ಯಾರೋ ವಾಟ್ಸಾಪ್‌ನಲ್ಲಿ ಮೂರು ಅಂತಸ್ತಿನ ಮೆದುಳಿನ ಚಿತ್ರ ಕಳಿಸಿದ್ದರು. ಕೆಳಗೆ ಹಲ್ಲಿ, ನಡುವೆ ನಾಯಿ, ಮೇಲೆ ಮನುಷ್ಯ. ನಮಗೆ ಕೋಪ ಬಂದರೆ ಒಳಗಿನ ಹಲ್ಲಿ ಎದ್ದಿದೆ ಅಂತ ಅರ್ಥವಂತೆ. ಪಾಪದ ಹಲ್ಲಿ! ಅದರ ಪರವಾಗಿ ವಾದ ಮಾಡಲಿಕ್ಕೇ ನಾನು ಬಂದಿರುವುದು. ಆದರೆ ಮೊದಲು ಹಾವು.

ಲಂಡನ್ನಿನ ಮೃಗಾಲಯ. ದಪ್ಪ ಗಾಜು. ಆಚೆ ಪಫ್ ಆಡರ್, ನಮ್ಮ ಕೊಳಕುಮಂಡಲದ ಆಫ್ರಿಕಾದ ಬಳಗ. ಈಚೆ ಡಾರ್ವಿನ್, ಗಾಜಿಗೆ ಮುಖ ಒತ್ತಿಕೊಂಡು. ಹಾವು ಹೊಡೆದರೂ ಹಿಂದೆ ಸರಿಯಬಾರದು ಅಂತ ಗಟ್ಟಿ ಮನಸ್ಸು ಮಾಡಿದ್ದರು. ಗಾಜು ಒಡೆಯಲ್ಲ, ವಿಷ ತಾಗಲ್ಲ, ಎಲ್ಲಾ ಗೊತ್ತು. ಗೊತ್ತಿದ್ದರೇನು? ಹಾವು ಹೊಡೆಯಿತು, ಡಾರ್ವಿನ್ ಒಂದೆರಡು ಗಜ ಹಿಂದೆ ಇದ್ದರು! ಇದನ್ನು ಅವರೇ ಬರೆದಿದ್ದಾರೆ, ಭಾವನೆಗಳ ಬಗೆಗಿನ 1872ರ ಪುಸ್ತಕದಲ್ಲಿ. ಯಾವತ್ತೂ ಅನುಭವಿಸದ ಅಪಾಯದ ಮುಂದೆ ತಮ್ಮ ಮನೋಬಲ, ಬುದ್ಧಿ ಎರಡೂ ಸೋತವು ಅಂತ ಒಪ್ಪಿಕೊಂಡಿದ್ದಾರೆ. ನಾವಾಗಿದ್ದರೆ ಯಾರೂ ನೋಡಲಿಲ್ಲ ತಾನೇ ಅಂತ ಸುಮ್ನೆ ಶರ್ಟ್ ಕೊಡವಿಕೊಂಡು ಮನೆಗೆ ಹೋಗುತ್ತಿದ್ದೆವು. ಅವರು ಅದನ್ನೇ ಸಾಕ್ಷಿ ಮಾಡಿದರು.

ಹಗ್ಗ ಕಂಡು ಹಾವು ಅಂದುಕೊಳ್ಳುವ ಕಥೆ ನಿಮಗೆ ಗೊತ್ತು. ನಮ್ಮ ವೇದಾಂತಿಗಳಿಗೆ ಅದು ಭ್ರಮೆಯ ಉದಾಹರಣೆ. ವಿಕಾಸದ ಲೆಕ್ಕ ಬೇರೆ. ಹಗ್ಗಕ್ಕೆ ನೂರು ಸಲ ಹಾರಿದರೆ ಹೋಗುವುದು ಒಂದಿಷ್ಟು ಮಾನ. ಹಾವನ್ನು ಒಂದೇ ಸಲ ಹಗ್ಗ ಅಂದುಕೊಂಡರೆ ಪ್ರಾಣವೇ ಹೋದೀತು. ನಾವೆಲ್ಲ ಹಗ್ಗಕ್ಕೆ ಹಾರಿದವರ ಸಂತಾನ! ಮನಶ್ಶಾಸ್ತ್ರಕ್ಕೆ ಡಾರ್ವಿನ್ ಕೊಟ್ಟಿದ್ದು ಈ ಲೆಕ್ಕ. ಒಂದು ಗುಣ ಕಂಡರೆ, ಇದರಿಂದ ಯಾರಿಗೆ ಯಾವಾಗ ಏನು ಲಾಭವಾಗಿತ್ತು ಅಂತ ಕೇಳುವುದು.

ಹಾಗಾದರೆ ಭಯ ಹುಟ್ಟಿನಿಂದಲೇ ಬರುತ್ತಾ? ತಮಾಷೆ ಇರುವುದು ಇಲ್ಲೇ. ಲ್ಯಾಬಿನಲ್ಲೇ ಬೆಳೆದ ರೀಸಸ್ ಕೋತಿಗಳು ಸಾಮಾನ್ಯವಾಗಿ ಹಾವಿಗೆ ಹೆದರುವುದಿಲ್ಲ. ಮೈಕಲ್ ಕುಕ್, ಸೂಸನ್ ಮಿನೇಕಾ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಅವಕ್ಕೆ ವಿಡಿಯೊ ತೋರಿಸಿದರು. ಅದರಲ್ಲಿ ಇನ್ನೊಂದು ಕೋತಿ ಹಾವು ಕಂಡು ಕಂಗಾಲಾಗುತ್ತದೆ. ನೋಡಿದವು ಬೇಗ ಕಲಿತವು. ಆಮೇಲೆ ವಿಡಿಯೊ ಕತ್ತರಿಸಿ ಅಂಟಿಸಿ, ಅದೇ ಕೋತಿ ಹೂವಿಗೆ ಹೆದರುವ ಹಾಗೆ ಮಾಡಿದರು. ಇದನ್ನು ನೋಡಿದ ಕೋತಿಗಳು ಹೂವಿಗೆ ಹೆದರಲು ಕಲಿಯಲೇ ಇಲ್ಲ. ಅಂದರೆ ಒಲೆಗೆ ಸೌದೆ ಜೋಡಿಸಿಟ್ಟಿದೆ, ಕಡ್ಡಿ ಗೀರುವವರು ಬೇಕು. ಹುಟ್ಟೋ ಕಲಿಕೆಯೋ ಅಂತ ಜಗಳ ಆಡುವವರಿಗೆ ನಾನು ಈ ಕೋತಿಗಳನ್ನೇ ತೋರಿಸುತ್ತೇನೆ.

ಅಧ್ಯಕ್ಷರು ಚೀಟಿ ಕೊಟ್ಟರು. ಐದು ನಿಮಿಷ ಅಂತೆ. ಹಲ್ಲಿ ಬಾಕಿ ಇದೆಯಲ್ಲ ಸ್ವಾಮಿ!

ಮೂರು ಅಂತಸ್ತಿನ ಮೆದುಳು ಅಮೆರಿಕದ ಮೆದುಳು ವಿಜ್ಞಾನಿ ಪಾಲ್ ಮ್ಯಾಕ್‌ಲೀನ್ ಅವರ ಕಲ್ಪನೆ, 1960ರ ದಶಕದ್ದು. ಕಥೆಯಾಗಿ ಸೊಗಸು, ವಿಜ್ಞಾನವಾಗಿ ನಿಲ್ಲಲಿಲ್ಲ. ಮೀನು, ಹಲ್ಲಿ, ಹಸು, ನಾವು, ಎಲ್ಲರ ಮೆದುಳಿನಲ್ಲೂ ಮುಖ್ಯ ಭಾಗಗಳು ಅವೇ. ಒಂದರಲ್ಲಿ ಇದು ಹಿಗ್ಗಿದೆ, ಇನ್ನೊಂದರಲ್ಲಿ ಅದು. ವಿಕಾಸ ಇದ್ದ ಹಿಟ್ಟನ್ನೇ ಮತ್ತೆ ಮತ್ತೆ ನಾದಿದೆ. ನಮ್ಮ ತಲೆಯಲ್ಲಿರುವ ಸುಮಾರು 8,600 ಕೋಟಿ ನರಕೋಶಗಳಲ್ಲಿ ಹಲ್ಲಿಗೆ ಬೇರೆ ರೂಮು ಇಲ್ಲ. ಅಷ್ಟಕ್ಕೂ ಹಲ್ಲಿ ನಮ್ಮ ಅಜ್ಜಿಯಲ್ಲ, ದೂರದ ದಾಯಾದಿ. ನಮ್ಮ ವಂಶ ಬದಲಾದಷ್ಟೇ ಕಾಲ ಅದರ ವಂಶವೂ ಬದಲಾಗಿದೆ. ಹಗ್ಗದ ಲೆಕ್ಕ ಅದಕ್ಕೂ ಗೊತ್ತು, ಪೊರಕೆ ಎತ್ತಿ ನೋಡಿ.

ಡಾರ್ವಿನ್ನರ ಸಂಬಂಧಿ ಗಾಲ್ಟನ್ ಬಗ್ಗೆ, ಜನರನ್ನೂ ದನದ ಹಾಗೆ ಆರಿಸಿ ತಳಿ ಮಾಡುವ ಅವರ ಕೆಟ್ಟ ಯೋಚನೆ ಬಗ್ಗೆ ಹೇಳಬೇಕಿತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಬಗ್ಗೆಯೂ. ಹೋಗಲಿ, ಕೊನೆಗೆ ಒಂದು ಮಗು.

ಡಾರ್ವಿನ್ ತಮ್ಮ ಮೊದಲ ಮಗನ ಚಲನವಲನ ಬರೆದಿಟ್ಟಿದ್ದರು. 1877ರಲ್ಲಿ ಅದು ಅಚ್ಚಾಯಿತು. ಎರಡೂಕಾಲು ವರ್ಷ ತುಂಬುವ ಮೊದಲೇ ಅವನನ್ನು ಮೃಗಾಲಯಕ್ಕೆ ಕರೆದುಕೊಂಡು ಹೋಗಿದ್ದರು. ಜಿಂಕೆ, ಹಕ್ಕಿ, ಉಷ್ಟ್ರಪಕ್ಷಿ ಕೂಡ ಅವನಿಗೆ ಖುಷಿ. ಬೋನಿನಲ್ಲಿದ್ದ ದೊಡ್ಡ ಪ್ರಾಣಿಗಳನ್ನು ಕಂಡು ಮಾತ್ರ ಹೆದರಿದ. ಆಮೇಲೆ ಮತ್ತೆ ಹೋಗೋಣ ಅನ್ನುತ್ತಿದ್ದನಂತೆ. ಆದರೆ 'ಮನೆಯೊಳಗಿನ ಮೃಗ' ನೋಡುವುದು ಬೇಡ.