ಕಪಾಟಿನ ಬೀಗದ ಕೈ

ಕೇಳುಗರೆಲ್ಲರಿಗೂ ನಮಸ್ಕಾರ.

ಶಾಲೆ ಶುರುವಾಗಿ ಒಂದು ತಿಂಗಳಾಯಿತೆಂದರೆ ನಮ್ಮ ಸರಕಾರಿ ಶಾಲೆಗಳಲ್ಲಿ ಚುನಾವಣೆಯ ಗದ್ದಲ. ಶಾಲಾ ಸಂಸತ್ತಿನ ಚುನಾವಣೆ. ನಾಮಪತ್ರ ಇರುತ್ತದೆ. ಛತ್ರಿ, ಪೆನ್ಸಿಲ್, ಮಾವಿನಹಣ್ಣು ಅಂತ ಚಿಹ್ನೆ ಇರುತ್ತವೆ. ಈಗೀಗ ಮೊಬೈಲನ್ನೇ ಮತಯಂತ್ರ ಮಾಡುತ್ತಾರೆ. ಬೆರಳಿಗೆ ಶಾಯಿಯ ಬದಲು ಸ್ಕೆಚ್ ಪೆನ್ನಿನ ಗೆರೆ. ಸಂಜೆಯೊಳಗೆ ಮುಖ್ಯಮಂತ್ರಿ, ಆಹಾರ ಮಂತ್ರಿ, ಸ್ವಚ್ಛತಾ ಮಂತ್ರಿ ಎಲ್ಲ ತಯಾರು. ಪ್ರಮಾಣವಚನ, ಚಪ್ಪಾಳೆ, ಒಂದು ಫೋಟೊ. ಫೋಟೊ ವಾಟ್ಸಾಪಿನಲ್ಲಿ ಮೇಲಿನವರಿಗೆ ಹೋಗುತ್ತದೆ. ಗಣೇಶನ ಹಬ್ಬದ ಹೊತ್ತಿಗೆ ನೀರಾವರಿ ಮಂತ್ರಿ ಯಾರು ಅಂತ ಕೇಳಿ ನೋಡಿ. ಮಂತ್ರಿಗೇ ನೆನಪಿರುವುದಿಲ್ಲ!

ನಾನು ಯಾರನ್ನೂ ದೂರುತ್ತಿಲ್ಲ. ಧಾರವಾಡದ ಕಡೆಯ ಹಳ್ಳಿ ಶಾಲೆಗಳಲ್ಲಿ ಮೂವತ್ತು ವರ್ಷ ಪಾಠ ಮಾಡಿದವಳು ನಾನು. ನಾನೂ ಹಾಗೇ ಮಾಡಿದ್ದೇನೆ. ಶುರುವಿನ ವರ್ಷಗಳಲ್ಲಂತೂ ಕ್ಲಾಸ್ ಲೀಡರಿಗೆ ನಾನು ಕೊಡುತ್ತಿದ್ದ ಕೆಲಸ ಒಂದೇ. ನಾನು ಆಫೀಸಿಗೆ ಹೋದಾಗ ಮಾತಾಡಿದವರ ಹೆಸರು ಬೋರ್ಡಿನ ಮೇಲೆ ಬರೆಯುವುದು. ನಿಮಗೂ ನೆನಪಿರಬೇಕು, ಅಲ್ವಾ? ಮತ್ತೆ ಮಾತಾಡಿದರೆ ಹೆಸರಿನ ಮುಂದೆ ಒಂದು ಗೀಟು. ಗೆಳೆಯನಾದರೆ ಸುಮ್ನೆ ಒರೆಸಿಬಿಡುವುದು. ಪೆಪ್ಪರಮೆಂಟು ಕೊಟ್ಟರೂ ಒರೆಸಿಬಿಡುವುದು. ಹತ್ತು ವರ್ಷದ ಮಗುವಿನ ಕೈಗೆ ಸೀಮೆಸುಣ್ಣ ಕೊಟ್ಟು ನಾನು ಕಲಿಸಿದ್ದು ಪೊಲೀಸರ ಕೆಲಸ, ಜೊತೆಗೆ ಚೂರು ಲಂಚ.

ನನ್ನ ಕಣ್ಣು ತೆರೆಸಿದ್ದು ಒಂದು ಗಂಟು. ಬಾವುಟದ ಗಂಟು.

ಶಾಲಾ ಮಕ್ಕಳಿಗೆ ಶಿಸ್ತು, ಸೇವೆ ಕಲಿಸುವ ಸಂಸ್ಥೆ ಭಾರತ ಸೇವಾದಳ. ಅದರ ಶಿಕ್ಷಕರ ತರಬೇತಿಗೆ ಹೋಗಿದ್ದೆ. ಇದರ ಬೇರು ನಮ್ಮ ಹುಬ್ಬಳ್ಳಿಯ ಡಾಕ್ಟರ್ ನಾ. ಸು. ಹರ್ಡೀಕರರಲ್ಲಿದೆ. ಅಮೆರಿಕದಲ್ಲಿ ಓದಿ ಬಂದ ವೈದ್ಯರು ಅವರು. 1923ರಲ್ಲಿ ನಾಗಪುರದ ಧ್ವಜ ಸತ್ಯಾಗ್ರಹಕ್ಕೆ ಹೋಗಿ ಜೈಲು ಕಂಡರು. ಅದೇ ವರ್ಷ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಮರುವರ್ಷ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ದಳದವರು ದುಡಿದರು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ದಳದ ಮಹಿಳಾ ವಿಭಾಗ ನೋಡಿಕೊಂಡರು. ಧ್ವಜಕ್ಕಾಗಿ ಜೈಲಿಗೆ ಹೋದವರ ದಳ ನೋಡಿ, ಇವತ್ತಿಗೂ ತರಬೇತಿಯಲ್ಲಿ ಬಾವುಟ ಮಡಿಸಿ ಗಂಟು ಹಾಕುವುದನ್ನು ಬಹಳ ಶ್ರದ್ಧೆಯಿಂದ ಹೇಳಿಕೊಡುತ್ತಾರೆ.

ಊರಿಗೆ ಬಂದು ಏಳನೇ ತರಗತಿಯ ಹುಡುಗನೊಬ್ಬನಿಗೆ ಅದನ್ನು ಕಲಿಸಿದೆ. ಈ ಸಲ ಆಗಸ್ಟ್ 15ಕ್ಕೆ ಗಂಟು ನಿನ್ನದೇ, ನಾನು ಮುಟ್ಟುವುದಿಲ್ಲ ಅಂದೆ. ಹಿಂದಿನ ಸಂಜೆ ಅವನು ಮನೆಗೇ ಹೋಗಲಿಲ್ಲ. ಕಟ್ಟಿದ, ಎಳೆದ, ಬಿಚ್ಚಿಕೊಂಡಿತು. ಮತ್ತೆ ಕಟ್ಟಿದ. ಮರುದಿನ ಪಂಚಾಯ್ತಿ ಅಧ್ಯಕ್ಷರು ಹಗ್ಗ ಹಿಡಿದಾಗ ನಾನು ನೋಡಿದ್ದು ಬಾವುಟವನ್ನಲ್ಲ, ಆ ಹುಡುಗನ ಮುಖವನ್ನು. ಉಸಿರು ಹಿಡಿದು ನಿಂತಿದ್ದ. ಹೂವು ಉದುರಿದ ಮೇಲೆ ಉಸಿರು ಬಿಟ್ಟ. ಕೆಟ್ಟರೆ ತನ್ನ ಮೇಲೇ ಬರುವಂಥ ಕೆಲಸವನ್ನು ನಾನು ಅದುವರೆಗೆ ಯಾವ ಲೀಡರಿಗೂ ಕೊಟ್ಟಿರಲಿಲ್ಲ.

ಮುಂದಿನ ವರ್ಷ ಖಾತೆ ಹಂಚಿಕೆ. ಎಲ್ಲರಿಗೂ ಕ್ರೀಡೆ ಬೇಕು, ಯಾಕಂದರೆ ಚೆಂಡು ಆ ಖಾತೆಯಲ್ಲಿದೆ. ಗ್ರಂಥಾಲಯ ಯಾರಿಗೂ ಬೇಡ. ಕೊನೆಗೆ ಆರನೇ ತರಗತಿಯ ಒಬ್ಬ ಹುಡುಗಿಯ ಪಾಲಿಗೆ ಬಂತು. ತೀರಾ ಮೆತ್ತಗೆ ಮಾತಾಡುವವಳು. ಗ್ರಂಥಾಲಯ ಅಂದರೆ ಒಂದು ಕಬ್ಬಿಣದ ಕಪಾಟು, ಒಂದು ಮರದ ಕಪಾಟು. ಎರಡಕ್ಕೂ ಸದಾ ಬೀಗ. ಪುಸ್ತಕ ಕಳೆದರೆ ನಾಳೆ ಚಾರ್ಜ್ ಕೊಡುವಾಗ ಲೆಕ್ಕ ಹೇಳಬೇಕಾದವರು ಹೆಡ್‌ಮಾಸ್ತರು. ಅವರ ಭಯ ಸುಳ್ಳಲ್ಲ. ಆದರೂ ಹೇಗೋ ಒಪ್ಪಿಸಿ ಬೀಗದ ಕೈ ಅವಳಿಗೆ ಕೊಡಿಸಿದೆ. ಅದನ್ನು ಅವಳು ಕೆಂಪು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಳು.

ವಾರದೊಳಗೆ ದೊಡ್ಡ ಅಕ್ಷರದ ಚಿತ್ರಪುಸ್ತಕಗಳೆಲ್ಲ ಮೇಲಿನಿಂದ ಕೆಳಗಿನ ಹಲಗೆಗೆ ಇಳಿದವು. ಸಣ್ಣವರಿಗೆ ಕೈ ನಿಲುಕುವುದಿಲ್ಲ ಅಂತ ನನಗೆ ಹೊಳೆದೇ ಇರಲಿಲ್ಲ. ಬುತ್ತಿ ಎಣ್ಣೆ ಹತ್ತಿದ ಕೈಯಲ್ಲಿ ಬಂದರೆ ವಾಪಸ್ ನಳಕ್ಕೆ ಕಳಿಸುತ್ತಿದ್ದಳು. ಒಂದು ದಿನ ನಾನೇ ಹೋಗಿ ಪುಸ್ತಕ ಕೇಳಿದೆ. ವಹಿ ತೆರೆದು ನೋಡಿ, ತಲೆ ಎತ್ತದೆ ಅಂದಳು: "ಅಕ್ಕೋರ, ನೀವು ಮೊದಲಿನ ಎರಡು ಕೊಟ್ಟಿಲ್ರಿ. ಅವು ಬಂದ ಮ್ಯಾಲೆ ಕೊಡ್ತೀನ್ರಿ."

ಸಿಟ್ಟು ಬಂತು. ಹಿಂದೆಯೇ ನಗುವೂ ಬಂತು.

ಸೇವೆಯ ಹೆಸರಲ್ಲಿ ಬಿಟ್ಟಿ ಚಾಕರಿ ಮಾಡಿಸುವುದೂ ಉಂಟು, ಅದನ್ನು ಹೇಳದೆ ಮುಂದೆ ಹೋಗಲಾರೆ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನ ಒಂದು ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ನೀವೂ ಕೇಳಿರುತ್ತೀರಿ. ಅದು ಅಪರಾಧ, ಬೇರೆ ಮಾತಿಲ್ಲ. ಆದರೆ ಸಣ್ಣ ಪ್ರಮಾಣದಲ್ಲಿ ದಿನಾ ನಡೆಯುವುದೂ ಇದೆ. ಕಸಬರಿಗೆ ಯಾವಾಗಲೂ ಹುಡುಗಿಯರ ಕೈಗೆ, ಗಂಟೆ ಹೊಡೆಯುವುದು ಹುಡುಗರಿಗೆ. ಅಂಗಳಕ್ಕೆ ಕೆಲವು ಓಣಿಯ ಮಕ್ಕಳು, ಅತಿಥಿಗಳಿಗೆ ನೀರು ಕೊಡಲು ಬೇರೆ ಓಣಿಯ ಮಕ್ಕಳು. ನಮ್ಮಲ್ಲಿ ಸ್ವಚ್ಛತಾ ಮಂತ್ರಿಯಾಗಿದ್ದ ಹುಡುಗನೊಬ್ಬ ಇದನ್ನು ಹಿಡಿದ. ಪಾಳಿಯ ಪಟ್ಟಿ ಬರೆದು ಗೋಡೆಗೆ ಅಂಟಿಸಿದ. ಸೋಮವಾರದ ಪಾಳಿಯಲ್ಲಿ ನನ್ನ ಹೆಸರೂ ಇತ್ತು. ಗುಡಿಸಿದೆ.

ನಮ್ಮ ರಾಜ್ಯದ ಗ್ರಾಮ ಪಂಚಾಯ್ತಿಗಳಲ್ಲಿ ಮಕ್ಕಳ ಗ್ರಾಮ ಸಭೆ ನಡೆಯುತ್ತದೆ, ಸಾಮಾನ್ಯವಾಗಿ ನವೆಂಬರ್ ಸುಮಾರಿಗೆ. ಅಲ್ಲಿ ಮಕ್ಕಳು ಎದ್ದು ನಿಂತು ಪಿಡಿಒ, ಅಂದರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಯವರನ್ನು ನೇರವಾಗಿ ಕೇಳಬಹುದು. ಎಷ್ಟೋ ಕಡೆ ಶಿಕ್ಷಕರೇ ಬರೆದುಕೊಟ್ಟ ಪ್ರಶ್ನೆಯನ್ನು ಮಕ್ಕಳು ಗಿಣಿಪಾಠ ಒಪ್ಪಿಸುತ್ತಾರೆ, ಅದು ಬೇರೆ ಮಾತು. ನಮ್ಮ ಗ್ರಂಥಾಲಯ ಮಂತ್ರಿ ಚೀಟಿ ಇಲ್ಲದೆ ಹೋದಳು. ಕೇಳಿದ್ದು ಇಷ್ಟೇ: "ಮರದ ಕಪಾಟಿಗೆ ಗೆದ್ದಲು ಹತ್ತೈತ್ರಿ. ಕಬ್ಬಿಣದ್ದು ಯಾವಾಗ ಕೊಡ್ತೀರಿ?" ಅವರು ನೋಡೋಣ ಅಂದರು. ಅವಳು ಕೂರಲಿಲ್ಲ. "ತಾರೀಕು ಹೇಳ್ರಿ, ಬರಕೋತೀನಿ" ಅಂದಳು. ಹೇಳಿದ ತಾರೀಕಿಗೆ ಬರಲಿಲ್ಲ. ಬೇಸಿಗೆ ರಜೆಗೆ ಮುಂಚೆ ಬಂತು.

ಆ ವರ್ಷ ಏಳು ಪುಸ್ತಕ ಕಳೆದವು. ಹೆಡ್‌ಮಾಸ್ತರು ಮುಖ ಗಂಟಿಕ್ಕಿದರು. ಬೀಗದ ಹಿಂದೆ ಗೆದ್ದಲು ತಿಂದದ್ದು ಅದಕ್ಕಿಂತ ಜಾಸ್ತಿ ಇತ್ತು. ಅದನ್ನೂ ಅವಳು ಎಣಿಸಿ ಬರೆದಿದ್ದಳು.

ಮುಂದಿನ ವರ್ಷ ಏಳನೇ ತರಗತಿ ಮುಗಿಸಿ ಹೋಗುವಾಗ ಕೆಂಪು ದಾರ, ಬೀಗದ ಕೈ, ವಹಿ ತಂದು ನನ್ನ ಮೇಜಿನ ಮೇಲಿಟ್ಟಳು. ವಹಿಯ ಕೊನೆಯ ಪುಟದಲ್ಲಿ ಒಂದೇ ಸಾಲು: "ಅಕ್ಕೋರು, ಎರಡು ಪುಸ್ತಕ ಬಾಕಿ." ಆವತ್ತೇ ಮನೆಯೆಲ್ಲ ಹುಡುಕಿ ಒಂದನ್ನು ತಂದಿಟ್ಟೆ. ಇನ್ನೊಂದು ಇವತ್ತಿಗೂ ಸಿಕ್ಕಿಲ್ಲ.

ನಮಸ್ಕಾರ.