ಹಾಡು ಮುಗಿದ ಮೇಲೆ ನಗಿಸಬೇಕಾದವನು

ಗಡಿಯ ಎರಡೂ ಕಡೆ ಕುಳಿತು ಕೇಳುತ್ತಿರುವ ಎಲ್ಲರಿಗೂ ನಮಸ್ಕಾರ.

ಈ ಹೊತ್ತು ನಾನು ಮಾತನಾಡಲಿರುವುದು ಒಂದು ಮರಾಠಿ ನಾಟಕದ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಅದರಲ್ಲಿ ಬಣ್ಣ ಹಚ್ಚಿದವರ ಬಗ್ಗೆ. ನಾಟಕದ ಹೆಸರು 'ಸಂಗೀತ ಸಂಶಯಕಲ್ಲೋಳ'. ಸಾಂಗ್ಲಿ, ಮೀರಜ, ಜತ್ತ, ಸೊಲ್ಲಾಪುರ, ಅಕ್ಕಲಕೋಟೆಯ ಕಡೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡಿಕೊಂಡು ಬೆಳೆದ ನಮ್ಮಂಥವರಿಗೆ ಈ ಹೆಸರು ಹೊಸದಲ್ಲ. ಅದರ ಹಾಡುಗಳು ಹಿರಿಯರ ಬಾಯಲ್ಲಿ ಇದ್ದೇ ಇವೆ. ಆದರೆ ಹಾಡಿದವರನ್ನು ನೆನೆಸಿಕೊಂಡಷ್ಟು ನಗಿಸಿದವರನ್ನು ನಾವು ನೆನೆಸಿಕೊಂಡಿಲ್ಲ. ನನ್ನ ಮನಸ್ಸಿನಲ್ಲಿ ಬಹಳ ದಿನಗಳಿಂದ ಇರುವ ಕೊರಗು ಇದು.

ಮೊದಲು ಕಥೆ. ಫಾಲ್ಗುಣರಾವ ಎಂಬ ನಡುವಯಸ್ಸು ದಾಟಿದ ಗೃಹಸ್ಥ. ಅವನಿಗೆ ಕೃತ್ತಿಕೆ ಎಂಬ ಎಳೆಯ ಹೆಂಡತಿ. ಇವನಿಗೆ ಅವಳ ಮೇಲೆ ಸಂಶಯ, ಅವಳಿಗೆ ಇವನ ಮೇಲೆ ಸಂಶಯ. ಇನ್ನೊಂದು ಕಡೆ ಅಶ್ವಿನಶೇಠ ಎಂಬ ಸಿರಿವಂತ ತರುಣ, ಅವನು ಮೆಚ್ಚಿದ ರೇವತಿ. ಅವಳು ಹಾಡುಗಾರ್ತಿಯರ ಮನೆತನದ ಹುಡುಗಿ. ರೇವತಿ ದಾರಿಯಲ್ಲಿ ತಲೆಸುತ್ತಿ ಬೀಳುತ್ತಾಳೆ, ಫಾಲ್ಗುಣರಾವ ಆಧರಿಸಿ ಹಿಡಿಯುತ್ತಾನೆ, ಕೃತ್ತಿಕೆಯ ಕಣ್ಣಿಗೆ ಅದು ಬೀಳುತ್ತದೆ. ರೇವತಿಯ ಬಳಿಯಿದ್ದ ಅಶ್ವಿನಶೇಠನ ತಸಬೀರು, ಅಂದರೆ ಚಿತ್ರಪಟ, ಕೃತ್ತಿಕೆಯ ಕೈ ಸೇರುತ್ತದೆ. ಅವಳು ಅದನ್ನು ನೋಡುತ್ತ ನಿಂತದ್ದು ಗಂಡನ ಕಣ್ಣಿಗೆ ಬೀಳುತ್ತದೆ. ಅಲ್ಲಿಗೆ ನಾಲ್ವರ ನೆಮ್ಮದಿಯೂ ಹೋಯಿತು. ಅಶ್ವಿನ, ರೇವತಿ, ಕೃತ್ತಿಕೆ, ಫಾಲ್ಗುಣ; ಆಳಿನ ಹೆಸರು ಭಾದವ್ಯಾ. ನಾಟಕಕಾರರು ಹೆಸರುಗಳನ್ನೆಲ್ಲ ಪಂಚಾಂಗದ ತಿಂಗಳು, ನಕ್ಷತ್ರಗಳಿಂದಲೇ ಎತ್ತಿಕೊಂಡಿದ್ದಾರೆ.

ಬರೆದವರು ಗೋವಿಂದ ಬಲ್ಲಾಳ ದೇವಲ. ಸಾಂಗ್ಲಿಗೆ ಅಂಟಿಕೊಂಡಂತಿರುವ ಹರಿಪುರದಲ್ಲಿ 1855ರಲ್ಲಿ ಹುಟ್ಟಿದವರು. ಓದಿದ್ದು ಬೆಳಗಾವಿಯಲ್ಲಿ. ಅಲ್ಲಿ ಅವರಿಗೆ ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರ ಒಡನಾಟ ಸಿಕ್ಕಿತು. ಆ ಕಿರ್ಲೋಸ್ಕರರು ಹುಟ್ಟಿದ್ದು ಸವದತ್ತಿ ಕಡೆಯ ಗುರ್ಲಹೊಸೂರಿನಲ್ಲಿ. ಮರಾಠಿ ಸಂಗೀತ ರಂಗಭೂಮಿಯ ಬೇರು ಹುಡುಕಿಕೊಂಡು ಹೊರಟರೆ ಮತ್ತೆ ಮತ್ತೆ ನಮ್ಮ ಊರುಗಳ ಹೆಸರೇ ಎದುರಾಗುತ್ತವೆ. ಈ ಕಥೆಯ ಮೂಲ ಮಾತ್ರ ದೂರದ್ದು. ಫ್ರಾನ್ಸಿನ ಮೊಲಿಯೇರ್ 1660ರಲ್ಲಿ ಬರೆದ ಪ್ರಹಸನವನ್ನು ನೂರು ವರ್ಷದ ಮೇಲೆ ಆರ್ಥರ್ ಮರ್ಫಿ ಇಂಗ್ಲಿಷಿಗೆ ಒಗ್ಗಿಸಿಕೊಂಡ. ಅದನ್ನು ದೇವಲರು ಮೊದಲು ಹಾಡುಗಳಿಲ್ಲದ ಗದ್ಯನಾಟಕವಾಗಿ ಬರೆದರು. ಅನೇಕ ವರ್ಷಗಳ ನಂತರ ಹಾಡು ಸೇರಿಸಿ ಸಂಗೀತ ನಾಟಕ ಮಾಡಿದರು. 1916ರ ಅಕ್ಟೋಬರಿನಲ್ಲಿ ಅದು ರಂಗಕ್ಕೆ ಬಂದಾಗ ನೋಡಲು ಅವರೇ ಇರಲಿಲ್ಲ. ಅದೇ ವರ್ಷ ಜೂನಿನಲ್ಲಿ ತೀರಿಕೊಂಡಿದ್ದರು.

ಆಡಿದ್ದು ಗಂಧರ್ವ ನಾಟಕ ಮಂಡಳಿ. ರೇವತಿಯಾಗಿ ಸ್ತ್ರೀಪಾತ್ರಗಳಿಗೆ ಹೆಸರಾದ ಗಾಯಕನಟ ಬಾಲಗಂಧರ್ವರು, ಫಾಲ್ಗುಣರಾವನಾಗಿ ಗಣಪತರಾವ ಬೋಡಸರು.

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ಆ ಕಾಲದ ಸಂಗೀತ ನಾಟಕ ಹೇಗೆ ನಡೆಯುತ್ತಿತ್ತು ಎಂಬುದನ್ನು ಬಲ್ಲವರಿಗೆ ಬೋಡಸರ ಕೆಲಸ ಎಷ್ಟು ಕಠಿಣವಾಗಿತ್ತೆಂದು ಥಟ್ಟನೆ ಹೊಳೆಯುತ್ತದೆ. ಬಾಲಗಂಧರ್ವರು ಹಾಡಲು ಆರಂಭಿಸಿದರೆ ಜನ 'ವನ್ಸ್ ಮೋರ್' ಎಂದು ಕೂಗುತ್ತಿದ್ದರು. ಅವರು ಮತ್ತೆ ಹಾಡುತ್ತಿದ್ದರು, ಬೇರೆ ಆಲಾಪ, ಬೇರೆ ತಾನುಗಳೊಂದಿಗೆ. ಮತ್ತೆ ಕೂಗು, ಮತ್ತೆ ಹಾಡು. ನಾಟಕ ಬೆಳಗಿನ ಜಾವದವರೆಗೂ ಎಳೆಯುತ್ತಿತ್ತು. ಗಂಭೀರ ನಾಟಕಕ್ಕೆ ಇದರಿಂದ ಅಷ್ಟು ಕೇಡಿಲ್ಲ. ಕಥೆ ಕಾಯುತ್ತದೆ, ರಸ ಇನ್ನೂ ಇಳಿಯುತ್ತದೆ. ನಗೆನಾಟಕಕ್ಕೆ ಮಾತ್ರ ಇದು ಕುತ್ತಿಗೆಗೆ ಬರುವ ಸಂಗತಿ. ತಪ್ಪು ತಿಳಿವಳಿಕೆಯ ಮೇಲೆ ನಿಂತ ಕಥೆಯಲ್ಲಿ ಒಂದು ಎಳೆ ಸಡಿಲಾದರೆ ನಗೆ ಹುಟ್ಟುವುದಿಲ್ಲ. ತಸಬೀರು ಈಗ ಯಾರ ಕೈಯಲ್ಲಿದೆ, ಯಾರು ಯಾರನ್ನು ಎಲ್ಲಿ ಕಂಡರು ಎಂಬುದೆಲ್ಲ ಪ್ರೇಕ್ಷಕನ ತಲೆಯಲ್ಲಿ ಹಸಿಯಾಗಿ ಇರಬೇಕು. ಸಭೆ ಸ್ವರದಲ್ಲಿ ಮುಳುಗಿ, ಕಣ್ಣುಮುಚ್ಚಿ, ತಲೆದೂಗುತ್ತ ಕುಳಿತಿದೆ. ಆಗ ಒಬ್ಬ ನಟ ಒಳಗೆ ಬರಬೇಕು, ಬರೀ ಮಾತಿನಿಂದ ಅದೇ ಜನರನ್ನು ಎಬ್ಬಿಸಿ ಕೂರಿಸಬೇಕು, ಬಿಟ್ಟುಹೋದ ಎಳೆಯನ್ನು ಹಿಡಿಸಬೇಕು, ನಗಿಸಬೇಕು. ಈ ನಾಟಕದಲ್ಲಿ ಹಾಡಿನ ಭಾರ ಬಹುಪಾಲು ರೇವತಿ ಮತ್ತು ಅಶ್ವಿನಶೇಠರ ಮೇಲಿದೆ. ನಗೆಯ ಭಾರ ಫಾಲ್ಗುಣರಾವ ಮತ್ತು ಕೃತ್ತಿಕೆಯ ಮೇಲಿದೆ.

ಈ ಮಾತನ್ನು ನನಗೆ ಮೊದಲು ತೋರಿಸಿಕೊಟ್ಟವರು ನನ್ನ ಸೋದರಮಾವ. ಜತ್ತ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಶ್ರೀಕೃಷ್ಣ ಪಾರಿಜಾತ ಎಂಬ ಜನಪದ ಆಟದ ಮೇಳ ಕಟ್ಟಿ ದೂತಿಯ ಪಾರ್ಟು ಮಾಡುತ್ತಿದ್ದವರು. ಪಾರಿಜಾತವನ್ನು ನೋಡಿದವರಿಗೆ ಗೊತ್ತು, ಸತ್ಯಭಾಮೆ ಹಾಡಿ ಹಾಡಿ ಸಭೆಯನ್ನು ಕರಗಿಸಿದ ಮೇಲೆ ದೂತಿ ಮತ್ತು ಭಾಗವತ ಮಾತಿಗೆ ಮಾತು ಕೊಟ್ಟು ಅದನ್ನು ಮತ್ತೆ ನಗಿಸಬೇಕು. ಸಾಂಗ್ಲಿಯ ಭಾವೆ ನಾಟ್ಯಮಂದಿರದಲ್ಲಿ ಸಂಶಯಕಲ್ಲೋಳ ನೋಡುತ್ತ ಕುಳಿತಾಗ ನಾನು ಹಾಡಿಗೆ ಚಪ್ಪಾಳೆ ತಟ್ಟುತ್ತಿದ್ದೆ. ಮಾವ ನನ್ನ ಕೈ ಹಿಡಿದು, "ತಮ್ಮಾ, ಈಗ ಒಳಗೆ ಬರುತ್ತಾನಲ್ಲ, ಅವನ ಪಾಡು ನೋಡು" ಎಂದರು. ಅಂದಿನಿಂದ ನಾನು ಯಾವ ಸಂಗೀತ ನಾಟಕ ನೋಡಿದರೂ ಹಾಡು ಮುಗಿದ ಮರುಕ್ಷಣವನ್ನು ಕಾಯುತ್ತೇನೆ.

ಫಾಲ್ಗುಣರಾವನ ಪಾತ್ರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ತಾನು ನಗೆಪಾಟಲು ಎಂಬುದು ಅವನಿಗೆ ಗೊತ್ತಿರಬಾರದು. ಅವನ ಸಂಶಯ ಅವನಿಗೆ ಪ್ರಾಣಸಂಕಟ. ವಯಸ್ಸಾಯಿತು, ಹೆಂಡತಿ ಎಳೆಯವಳು, ಅವಳ ಕೈಯಲ್ಲಿ ಯಾವನೋ ಸುಂದರ ತರುಣನ ತಸಬೀರು ಸಿಕ್ಕಿದೆ. ಆ ಸಂಕಟವನ್ನು ನಟ ನಿಜವಾಗಿ ಅನುಭವಿಸಿದರೆ ಮಾತ್ರ ನಾವು ನಗುತ್ತೇವೆ. ಮುಖ ಕಿವುಚಿ, ಧ್ವನಿ ಸೊಟ್ಟ ಮಾಡಿ ನಗಿಸಲು ಹೊರಟರೆ ಪಾತ್ರ ಅಲ್ಲಿಯೇ ಸತ್ತುಹೋಗುತ್ತದೆ. ಬೋಡಸರಿಗೆ ಇದು ಹೇಗೆ ಒಲಿದಿತ್ತು ಎಂಬುದಕ್ಕೆ ಅವರ ಮುಂದಿನ ಪಾತ್ರವೇ ಸಾಕ್ಷಿ. 1919ರಲ್ಲಿ ಅದೇ ಮಂಡಳಿ ರಾಮ ಗಣೇಶ ಗಡಕರಿಯವರ 'ಏಕಚ ಪ್ಯಾಲಾ' ಆಡಿತು. ಕುಡಿತದಿಂದ ಮನೆ ಹಾಳುಮಾಡಿಕೊಳ್ಳುವ ಸುಧಾಕರನಾಗಿ ಬೋಡಸರು, ಅವನ ಹೆಂಡತಿ ಸಿಂಧುವಾಗಿ ಬಾಲಗಂಧರ್ವರು. ಮೂರು ವರ್ಷ ಹಿಂದೆ ಸಂಶಯಗ್ರಸ್ತ ಗಂಡನಾಗಿ ಸಭೆಯನ್ನು ನಗಿಸಿದವರು ಈಗ ಕುಡುಕ ಗಂಡನಾಗಿ ಅದೇ ಸಭೆಯನ್ನು ಅಳಿಸಿದರು. ನನ್ನ ಮಟ್ಟಿಗೆ ಇವು ಎರಡು ಬಗೆಯ ಪ್ರತಿಭೆಗಳಲ್ಲ. ಮನುಷ್ಯನ ದೌರ್ಬಲ್ಯವನ್ನು ಕಣ್ಣಿಟ್ಟು ನೋಡಿದ ಒಬ್ಬನೇ ನಟನ ಕೆಲಸ ಎರಡರಲ್ಲೂ ಇದೆ. 1880ರಲ್ಲಿ ಹುಟ್ಟಿದ ಬೋಡಸರು 1965ರವರೆಗೆ ಬದುಕಿದರು, ಆತ್ಮಚರಿತ್ರೆ ಬರೆದರು, ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಪಡೆದರು. ಆದರೂ ಇಂದು ನಮ್ಮ ಕಡೆಯ ಹತ್ತು ಮಂದಿಯನ್ನು ಕೇಳಿದರೆ ಒಂಬತ್ತು ಮಂದಿ ಬಾಲಗಂಧರ್ವರ ಹೆಸರನ್ನೇ ಹೇಳುತ್ತಾರೆ.

ಬಾಲಗಂಧರ್ವರ ಹೆಸರು ಹೇಳುವುದು ತಪ್ಪು ಎನ್ನುತ್ತಿಲ್ಲ. ಅವರ ಬದುಕು ಅಂಥದ್ದು. ನಿಜ ಹೆಸರು ನಾರಾಯಣ ಶ್ರೀಪಾದ ರಾಜಹಂಸ, ಹುಟ್ಟಿದ್ದು 1888ರಲ್ಲಿ. ಕಿರ್ಲೋಸ್ಕರ ಮಂಡಳಿಯಲ್ಲಿ ಶಕುಂತಲೆಯಾಗಿ ಮೊದಲು ಬೆಳಕಿಗೆ ಬಂದದ್ದು ನಮ್ಮ ಮೀರಜದಲ್ಲಿ. ಅಭಿನಯ ಕಲಿಸಿದ ಗುರುಗಳಲ್ಲಿ ಇದೇ ದೇವಲರೂ ಒಬ್ಬರು. 1911ರಲ್ಲಿ ಹೊಸ ನಾಟಕವೊಂದರ ಮೊದಲ ಪ್ರಯೋಗದ ದಿನವೇ ಅವರ ಪುಟ್ಟ ಮಗಳು ತೀರಿಕೊಂಡಳು. ಆಟ ನಿಲ್ಲಿಸದೆ ಆ ರಾತ್ರಿ ಅವರು ನಾಯಕಿಯಾಗಿ ಹಾಡಿದರು. 1913ರಲ್ಲಿ ಬೋಡಸ, ಗೋವಿಂದರಾವ ಟೆಂಬೆ ಮತ್ತು ಬಾಲಗಂಧರ್ವ ಮೂವರೂ ಕಿರ್ಲೋಸ್ಕರ ಮಂಡಳಿಯಿಂದ ಹೊರಬಂದು ಸ್ವಂತ ಕಂಪನಿ ಕಟ್ಟಿದರು. ಪಾಲುಗಾರಿಕೆ ಬಹಳ ಕಾಲ ಉಳಿಯಲಿಲ್ಲ. ಕಂಪನಿಯ ಹೊರೆ ಬಾಲಗಂಧರ್ವರೊಬ್ಬರ ಹೆಗಲಿಗೆ ಬಂತು, ಸಾಲವೂ ಜೊತೆಗೇ ಬಂತು. ನಿಜವಾದ ಪೈಠಣಿ ಸೀರೆ, ನಿಜವಾದ ಅತ್ತರು, ತಬಲಾಕ್ಕೆ ಅಹಮದ್‌ಜಾನ್ ತಿರಖವಾರಂಥ ಉಸ್ತಾದರು. ಖರ್ಚಿಗೆ ಅವರು ಹಿಂದೆಮುಂದೆ ನೋಡಿದವರೇ ಅಲ್ಲ.

ರೇವತಿಯ ಪಾತ್ರ ಅವರ ಉಳಿದ ನಾಯಕಿಯರಂತಲ್ಲ. ಶಕುಂತಲೆ, ರುಕ್ಮಿಣಿ, ಸಿಂಧು ಎಲ್ಲರೂ ಸಂಕಟದಲ್ಲಿ ನವೆಯುವವರು. ರೇವತಿ ಮುನಿಯುತ್ತಾಳೆ, ಜಗಳಕ್ಕೆ ನಿಲ್ಲುತ್ತಾಳೆ, ತನ್ನ ಮೇಲೆ ಸಂಶಯಪಟ್ಟವನನ್ನು ಮುಖಕ್ಕೆ ಮುಖ ಕೊಟ್ಟು ಕೇಳುತ್ತಾಳೆ. ಹಾಡುಗಾರ್ತಿಯ ಮನೆಯಲ್ಲಿ ಹುಟ್ಟಿದವಳೆಂದು ಲೋಕ ತನ್ನನ್ನು ಹೇಗೆ ನೋಡುತ್ತದೆ ಎಂಬ ಅರಿವು ಅವಳಿಗಿದೆ. ನಗೆನಾಟಕದ ಒಳಗೆ ದೇವಲರು ಇಟ್ಟ ಈ ನೋವಿನ ತುಂಡು ಸಣ್ಣದಲ್ಲ.

ಈ ನೋವನ್ನು ನಾಟಕದ ಹೊರಗೆ, ನಿಜ ಜೀವನದಲ್ಲಿ ಉಂಡವರು ನಮ್ಮವರೇ ಆದ ಗೋಹರಬಾಯಿ. ಬಾಗಲಕೋಟೆ ಜಿಲ್ಲೆಯ ಬೀಳಗಿಯ ಹೆಣ್ಣುಮಗಳು, ಸಿನಿಮಾ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದ ಅಮೀರಬಾಯಿ ಕರ್ನಾಟಕಿಯವರ ಸಹೋದರಿ. ಅಷ್ಟು ಹೊತ್ತಿಗೆ ಮಾತನಾಡುವ ಸಿನಿಮಾ ಬಂದು ನಾಟಕ ಕಂಪನಿಗಳ ಬೆನ್ನು ಮುರಿದಿತ್ತು. ಬಾಲಗಂಧರ್ವರು 1935ರಲ್ಲಿ ಚಿತ್ರವೊಂದರಲ್ಲಿ ಸಂತ ಏಕನಾಥನಾಗಿ ಅಭಿನಯಿಸಿ, ಅದು ಒಗ್ಗದೆ ಮತ್ತೆ ರಂಗಕ್ಕೆ ಮರಳಿದ್ದರು. ವಯಸ್ಸು ಐವತ್ತರ ಹತ್ತಿರ, ಸ್ತ್ರೀಪಾತ್ರಕ್ಕೆ ಮೈ ಒಪ್ಪುತ್ತಿರಲಿಲ್ಲ. ಆಗ ಮಂಡಳಿಗೆ ಬಂದ ಗೋಹರಬಾಯಿ ನಾಯಕಿಯ ಪಾತ್ರಗಳನ್ನು ವಹಿಸಿಕೊಂಡರು, ಮುಂದೆ ಬಾಲಗಂಧರ್ವರ ಬಾಳಸಂಗಾತಿಯೂ ಆದರು. ಮನೆಮಾತು ಮರಾಠಿಯಲ್ಲದ ಹೆಂಗಸು ಬಾಲಗಂಧರ್ವರ ಪಾತ್ರಗಳಲ್ಲಿ ನಿಂತು, ಅವರು ಹಾಡುವ ಶೈಲಿಯನ್ನು ಕಂಠಗತ ಮಾಡಿಕೊಂಡು ಹಾಡಿದರು. ಅದಕ್ಕೆ ಮೆಚ್ಚುಗೆಗಿಂತ ನಿಂದೆಯೇ ಹೆಚ್ಚು ಸಿಕ್ಕಿತು. ಬಾಲಗಂಧರ್ವರಿಗೆ ಕಾಲುಗಳು ಸೋತ ಕಾಲದಲ್ಲಿಯೂ ಜೊತೆಗಿದ್ದವರು ಈ ಬೀಳಗಿಯ ಗೋಹರಬಾಯಿ. ಅವರು 1964ರಲ್ಲಿ ತೀರಿಕೊಂಡರು, ಬಾಲಗಂಧರ್ವರು 1967ರಲ್ಲಿ. ಆಕೆಗೆ ಸಲ್ಲಬೇಕಾದ ಗೌರವ ಎರಡೂ ಭಾಷೆಯವರಿಂದ ಸಂದಿಲ್ಲ ಎಂದೇ ನಾನು ಹೇಳುತ್ತೇನೆ.

ನಮ್ಮ ನೆಲದ ಸಂಬಂಧ ಇಷ್ಟಕ್ಕೇ ಮುಗಿಯುವುದಿಲ್ಲ. ಕೇಶವರಾವ ಭೋಸಲೆಯವರ ಲಲಿತಕಲಾದರ್ಶ ನಾಟಕ ಮಂಡಳಿ ಹುಟ್ಟಿದ್ದು 1908ರಲ್ಲಿ ಹುಬ್ಬಳ್ಳಿಯಲ್ಲಿ. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, ಮರಾಠಿ ರಂಗದಲ್ಲಿ ವರ್ಷಗಟ್ಟಲೆ ಸ್ತ್ರೀಪಾತ್ರ ಮಾಡಿದವರು. ಇನ್ನೂ ಹಿಂದೆ ಹೋದರೆ, ಹೊನ್ನಾವರದ ಬಳಿಯ ಕರ್ಕಿಯ ಭಾಗವತರ ಮೇಳ ಸಾಂಗ್ಲಿಯಲ್ಲಿ ಆಟವಾಡಿತು. ಅದನ್ನು ಕಂಡ ಅಲ್ಲಿನ ಅರಸರ ಅಪೇಕ್ಷೆಯಂತೆ ವಿಷ್ಣುದಾಸ ಭಾವೆಯವರು 1843ರಲ್ಲಿ ಮರಾಠಿಯ ಮೊದಲ ನಾಟಕವೆನಿಸಿದ ಸೀತಾಸ್ವಯಂವರ ಆಡಿಸಿದರು. ಆ ಮೇಳದ ಜೊತೆಗೆ ವಿದೂಷಕನೂ ಘಟ್ಟ ಹತ್ತಿ ಸಾಂಗ್ಲಿಗೆ ಬಂದಿರಲೇಬೇಕು ಎಂದು ನನಗೆ ಅನಿಸುತ್ತದೆ.

ಹಾಸ್ಯನಟನಿಗೆ ಮೊದಲ ಮಣೆ ಹಾಕುವುದರಲ್ಲಿ ಕನ್ನಡ ಕಂಪನಿ ನಾಟಕದವರು ಒಂದು ಹೆಜ್ಜೆ ಮುಂದೆ ಇದ್ದರು. ಗುಬ್ಬಿ ವೀರಣ್ಣನವರು ಕಂಪನಿಯ ಮಾಲೀಕರು, ಆದರೂ ಸದಾರಮೆಯಲ್ಲಿ ಅವರು ಆರಿಸಿಕೊಂಡದ್ದು ಕಳ್ಳನ ಪಾತ್ರ. ಜನ ಟಿಕೆಟ್ ಕೊಂಡು ಬಂದದ್ದು ಆ ಕಳ್ಳನನ್ನು ನೋಡಲು. ಮರಾಠಿಯಲ್ಲಿ ಬೋಡಸರಿಗೆ ಮೆಚ್ಚುಗೆ ಬೇಕಾದಷ್ಟು ಸಿಕ್ಕಿತು, ಆದರೆ ಜಾಹೀರಾತಿನ ದೊಡ್ಡ ಅಕ್ಷರ ಗಾಯಕರಿಗೇ ಮೀಸಲಾಗಿತ್ತು.

ನೂರು ವರ್ಷ ಕಳೆದರೂ ಸಂಶಯಕಲ್ಲೋಳ ನಿಂತಿಲ್ಲ. ಈಚಿನ ವರ್ಷಗಳಲ್ಲಿ ಗಾಯಕ ವಸಂತರಾವ ದೇಶಪಾಂಡೆಯವರ ಮೊಮ್ಮಗ ರಾಹುಲ ದೇಶಪಾಂಡೆ ಅಶ್ವಿನಶೇಠನಾಗಿ, ಪ್ರಶಾಂತ ದಾಮಲೆ ಫಾಲ್ಗುಣರಾವನಾಗಿ ಇದನ್ನು ಆಡಿದರು. ಹಾಡುಗಳನ್ನು ಮೊಟಕು ಮಾಡಿ ಒಂದು ಸಂಜೆಗೆ ಹೊಂದಿಸಿದ್ದಕ್ಕೆ ಹಳಬರು ಬೇಸರಪಟ್ಟರು. ನನಗೆ ಬೇಸರವಿಲ್ಲ. ಹಾಡು ಚಿಕ್ಕದಾದಾಗ ದೇವಲರ ಸಂಭಾಷಣೆಗೆ ಉಸಿರು ಬಂತು, ಬೋಡಸರು ಪ್ರತಿ ರಾತ್ರಿ ಹೆಣಗಿ ಉಳಿಸಿಕೊಳ್ಳುತ್ತಿದ್ದ ಲಯ ನಾಟಕಕ್ಕೆ ತಾನಾಗಿ ಒದಗಿತು. ದಾಮಲೆಯವರು ಬದುಕಿಡೀ ನಗೆನಾಟಕಗಳಲ್ಲಿಯೇ ದುಡಿದವರು. 2022ರಲ್ಲಿ 12,500ನೆಯ ಪ್ರಯೋಗ ಮುಟ್ಟಿದವರು. ಮರುವರ್ಷ ಸಾಂಗ್ಲಿಯ ವಿಷ್ಣುದಾಸ ಭಾವೆ ಗೌರವ ಪದಕವೂ ಅವರಿಗೆ ಬಂತು. ಹಿಂದೆ ಬಾಲಗಂಧರ್ವರಿಗೆ ಸಂದ ಪದಕವದು.

ನನ್ನದೊಂದು ಕೋರಿಕೆ ಇದೆ. ಜತ್ತ, ಸಂಖ, ಉಮದಿಯ ಕಡೆ ಪಾರಿಜಾತ, ಸಣ್ಣಾಟಗಳಲ್ಲಿ ನಗಿಸಿದ ಹಿರಿಯರು ಇನ್ನೂ ಇದ್ದಾರೆ. ಅವರ ಮಾತುಗಳನ್ನು ಯಾರೂ ಬರೆದಿಟ್ಟುಕೊಂಡಿಲ್ಲ, ಏಕೆಂದರೆ ಹಾಡಿನ ಪುಸ್ತಕ ಇರುತ್ತದೆ, ನಗೆಯ ಮಾತು ಆಯಾ ರಾತ್ರಿ ಬಾಯಿಗೆ ಬಂದದ್ದು. ನಿಮ್ಮ ಕೈಯಲ್ಲಿ ಮೊಬೈಲ್ ಇದೆ. ಈ ಜಾತ್ರೆಗಳ ಕಾಲದಲ್ಲಿ ಅಂಥವರ ಹತ್ತಿರ ಹೋಗಿ ಕುಳಿತುಕೊಳ್ಳಿ, ದೂತಿಯ ಮಾತು, ಭಾಗವತನ ಮಾತು ಹೇಳಿಸಿ, ಧ್ವನಿಮುದ್ರಿಸಿ ಇಡಿ. ಹಾಡನ್ನು ಆಮೇಲೆ ಕೇಳಿದರೂ ನಡೆಯುತ್ತದೆ.

ನಮಸ್ಕಾರ.