ವೀಟಿಯಲ್ಲಿ ಕೇಳಿದ ದನಿ

ಕೇಳುಗರಿಗೆ ನಮಸ್ಕಾರ. ನಾನು ಕುಂದಾಪುರದ ಕಡೆಯವನು. ಮುಂಬೈಗೆ ಬಂದು ಮೂವತ್ತು ವರ್ಷ ದಾಟಿತು. ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುತ್ತೇನೆ, ಮನೆ ಡೊಂಬಿವಲಿಯಲ್ಲಿ. ಹೋಟೆಲ್ ಕೆಲಸ ಮುಗಿಸಿ ದಿನಾ ರಾತ್ರಿ ವೀಟಿಯಲ್ಲಿ, ಅಂದರೆ ವಿಕ್ಟೋರಿಯಾ ಟರ್ಮಿನಸ್ ಸ್ಟೇಷನ್ನಿನಲ್ಲಿ, ಲೋಕಲ್ ಹಿಡಿಯುವುದು. ಸ್ಟೇಷನ್ನಿಗೆ ಈಗ ಛತ್ರಪತಿ ಶಿವಾಜಿ ಮಹಾರಾಜರ ಹೆಸರಿದೆ, ಆದರೆ ಹಳೇ ರೂಢಿ, ನಮ್ಮ ಬಾಯಲ್ಲಿ ವೀಟಿ ಎಂದೇ ಬರುತ್ತದೆ.

2008ರ ನವೆಂಬರ್ 26, ಬುಧವಾರ. ಕಟಕ್‌ನಲ್ಲಿ ಭಾರತಕ್ಕೂ ಇಂಗ್ಲೆಂಡಿಗೂ ಮ್ಯಾಚ್ ಇತ್ತು. ಹೋಟೆಲಿನ ಹುಡುಗರ ಕಣ್ಣೆಲ್ಲ ಟಿವಿ ಮೇಲೆ. ನಾನು ಲೆಕ್ಕ ಒಪ್ಪಿಸಿ ಸ್ವಲ್ಪ ಬೇಗ ಹೊರಟೆ. ಲೋಕಲ್ ಪ್ಲಾಟ್‌ಫಾರ್ಮಿನ ಹತ್ತಿರ ಬಂದಾಗ ಒಂಬತ್ತೂವರೆ ದಾಟಿತ್ತು. ಢಂ ಎಂದು ಒಂದು ಸದ್ದು, ಆಮೇಲೆ ಪಟಪಟ ಪಟಪಟ. ಭಾರತ ಗೆದ್ದಿತೇನೋ, ಯಾರೋ ಪಟಾಕಿ ಹಚ್ಚಿದ್ದಾರೆ ಎಂದುಕೊಂಡೆ. ನನ್ನ ಪಕ್ಕದಲ್ಲಿದ್ದವರೂ ನಗುತ್ತಲೇ ಇದ್ದರು.

ಆಗ ಮೈಕಿನಲ್ಲಿ ದನಿ ಬಂತು. ದಿನಾ ಬರುವ ದನಿಯೇ, ಕಲ್ಯಾಣ್ ಫಾಸ್ಟ್ ಯಾವ ಪ್ಲಾಟ್‌ಫಾರ್ಮಿಗೆ, ಕರ್ಜತ್ ಗಾಡಿ ಎಷ್ಟು ತಡ ಎಂದು ಹೇಳುವ ದನಿ. ದೂರದೂರಿಗೆ ಹೋಗುವ ಮೇಲ್ ಗಾಡಿಗಳ ಕಡೆ ಯಾರೂ ಹೋಗಬೇಡಿ, ಹಿಂದಿನ ಗೇಟಿನಿಂದ ಹೊರಗೆ ಹೋಗಿ ಎಂದಿತು. ಹಿಂದಿಯಲ್ಲಿ ಹೇಳಿತು, ಮರಾಠಿಯಲ್ಲಿ ಹೇಳಿತು, ಮತ್ತೆ ಮತ್ತೆ ಹೇಳಿತು. ಏನಾಗಿದೆ ಎಂದು ಯಾರಿಗೂ ಗೊತ್ತಿಲ್ಲ. ಆದರೂ ಆ ಮಾತು ಕೇಳಿ ನೂರಾರು ಜನ ಒಟ್ಟಿಗೆ ತಿರುಗಿದೆವು. ನಾನೂ ತಿರುಗಿದೆ. ಅಷ್ಟೇ ನಾನು ಮಾಡಿದ್ದು.

ಹೊರಗೆ ಬಂದು ಮಸ್ಜಿದ್ ಬಂದರಿನ ಕಡೆ ನಡೆದೆ. ಒಂದು ಬೂತಿನಿಂದ ಮನೆಗೆ ಫೋನ್ ಮಾಡಿದೆ. "ನೀವು ಎಲ್ಲಿದ್ದೀರಿ? ಊರಿಂದ ಅತ್ತೆ ನಾಲ್ಕು ಸಲ ಫೋನ್ ಮಾಡಿದ್ರು" ಎಂದು ಹೆಂಡತಿ ಅಳುತ್ತಿದ್ದಳು. ಮುಂಬೈ ಮೇಲೆ ಉಗ್ರರು ದಾಳಿ ಮಾಡಿದ್ದಾರೆ ಎಂದು ಕುಂದಾಪುರದಲ್ಲಿ ಕೂತ ನನ್ನ ಅಮ್ಮನಿಗೆ ನನಗಿಂತ ಮೊದಲೇ ಗೊತ್ತಾಗಿತ್ತು.

ಆ ದನಿ ಯಾರದೆಂದು ಆಮೇಲೆ ಪೇಪರಿನಲ್ಲಿ ಓದಿದೆ. ವಿಷ್ಣು ಝೇಂಡೆ, ರೈಲ್ವೆಯ ಅನೌನ್ಸರ್. ಗುಂಡು ಹಾರುತ್ತಿರುವಾಗ ಮೇಲಿನ ಕೋಣೆಯಲ್ಲಿ ಕೂತು ಮೈಕ್ ಬಿಡಲಿಲ್ಲ ಆ ಮನುಷ್ಯ. ಅವರು ಓಡಿಹೋಗಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ, ಅಲ್ವಾ? ನಾನು ಅವರನ್ನು ಒಮ್ಮೆಯೂ ನೋಡಿದವನಲ್ಲ. ಇವತ್ತು ಈ ಮೈಕಿನ ಮುಂದೆ ಕೂತಾಗ ಅವರೇ ನೆನಪಾಗುತ್ತಿದ್ದಾರೆ.

ಆದರೆ ಮೇಲ್ ಗಾಡಿಗಳ ಹಾಲಿನಲ್ಲಿ ಇದ್ದವರಿಗೆ ತಿರುಗಲು ಹೊತ್ತೇ ಸಿಗಲಿಲ್ಲ. ಟ್ರಂಕು, ಗಂಟು, ಮಕ್ಕಳನ್ನು ಕಟ್ಟಿಕೊಂಡು ನೆಲದ ಮೇಲೆ ಕೂತಿದ್ದ, ಊರಿಗೆ ಹೊರಟಿದ್ದ ಜನ. ಮೂರು ದಿನದಲ್ಲಿ ನಗರದಲ್ಲಿ ಸತ್ತವರು 166, ಅದರಲ್ಲಿ 58 ಮಂದಿ ಈ ಸ್ಟೇಷನ್ನಿನಲ್ಲೇ. ಟಿವಿಯಲ್ಲಿ ಮಾತ್ರ ಹಗಲೂ ರಾತ್ರಿ ತಾಜ್ ಹೋಟೆಲ್, ತಾಜಿನ ಗುಮ್ಮಟದ ಹೊಗೆ. ತಾಜಿನೊಳಗೆ ಸತ್ತವರ ನೋವು ಕಡಿಮೆ ಎಂದು ನಾನು ಹೇಳುತ್ತಿಲ್ಲ. ನಮ್ಮ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಪ್ರಾಣ ಕೊಟ್ಟಿದ್ದೂ ಅಲ್ಲೇ. ಆದರೆ ಆ ಟ್ರಂಕುಗಳ ಪಕ್ಕ ಬಿದ್ದವರ ಮುಖ ಯಾಕೆ ಯಾರೂ ಅಷ್ಟು ಹೊತ್ತು ತೋರಿಸಲಿಲ್ಲ ಎಂದು ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಶುಕ್ರವಾರ ಕೆಲಸಕ್ಕೆ ಬಂದೆ. ಹಾಲ್ ತೊಳೆದು ಸ್ವಚ್ಛ ಮಾಡಿದ್ದರು. ಅವತ್ತೇ ವೀಟಿಯಲ್ಲಿ ಮತ್ತೆ ಗುಂಡು ಎಂಬ ಸುಳ್ಳು ಸುದ್ದಿ ಹಬ್ಬಿತು. ಹೋಟೆಲಿನ ಶಟರ್ ಎಳೆದು, ಗಿರಾಕಿಗಳು, ಹುಡುಗರು ಎಲ್ಲ ಒಳಗೆ ಕೂತೆವು. ಬೈಂದೂರಿನ ಹುಡುಗನೊಬ್ಬ, ಹದಿನೆಂಟು ವರ್ಷ ಇರಬಹುದು, ಅಡುಗೆಮನೆಯಲ್ಲಿ ಗ್ರೈಂಡರ್ ಪಕ್ಕ ಮುದುಡಿ ಕೂತಿದ್ದ. ಮರುವಾರ ಊರಿಗೆ ಹೋದವನು ತಿರುಗಿ ಬರಲಿಲ್ಲ. ಮುಂಬೈಯವರಿಗೆ ಧೈರ್ಯ ಜಾಸ್ತಿ, ಮರುದಿನವೇ ಕೆಲಸಕ್ಕೆ ಹೋಗುತ್ತಾರೆ ಎಂದು ಎಲ್ಲರೂ ಹೊಗಳುತ್ತಾರೆ. ನಾನು ಹೋಗಿದ್ದು ಸಂಬಳಕ್ಕೆ. ಹೆದರಿಕೊಂಡೇ ಹೋಗಿದ್ದೆ. ಆ ಹುಡುಗನೂ ಹೇಡಿಯಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ.

ಇನ್ನೊಂದು ಮಾತು. ಸ್ಟೇಷನ್ನಿನ ಪಕ್ಕ ಹಿಮಾಲಯ ಬ್ರಿಜ್ ಎಂಬ ಕಾಲುಸೇತುವೆ ಇದೆ. ಹಂತಕರು ಅದನ್ನು ದಾಟಿಯೇ ಕಾಮಾ ಆಸ್ಪತ್ರೆ ಕಡೆ ಹೋದರು. ಅಲ್ಲಿ ಅಂಜಲಿ ಕುಲ್ಥೆ ಎಂಬ ನರ್ಸ್ 20 ಮಂದಿ ಗರ್ಭಿಣಿಯರನ್ನು ಒಂದು ಸಣ್ಣ ಕೋಣೆಗೆ ಸೇರಿಸಿ ಉಳಿಸಿದರು. ಜೀವಂತ ಸಿಕ್ಕಿಬಿದ್ದ ಹಂತಕನ ಬಂದೂಕನ್ನು ಗಿರ್ಗಾಂವ್ ಚೌಪಾಟಿಯಲ್ಲಿ ಬರಿಗೈಯಲ್ಲಿ ಹಿಡಿದು, ಗುಂಡು ತಿಂದರೂ ಬಿಡದವರು ಪೊಲೀಸ್ ತುಕಾರಾಂ ಓಂಬ್ಳೆ. ಇಷ್ಟೆಲ್ಲ ಜನರಿದ್ದರೂ ಆ ಬ್ರಿಜ್ಜಿಗೆ ಊರವರ ಬಾಯಲ್ಲಿ ಅಂಟಿದ್ದು ಆ ಹಂತಕನ ಹೆಸರು! 2019ರ ಮಾರ್ಚ್ 14ರ ಸಂಜೆ ಅದೇ ಬ್ರಿಜ್ ಕುಸಿದು, ಮನೆಗೆ ಹೊರಟಿದ್ದ ಜನ ಸತ್ತರು. ಆಗಲೂ ಸುದ್ದಿಯಲ್ಲಿ ಮೊದಲು ಬಂದಿದ್ದು ಅವನ ಹೆಸರೇ.

2023ರಲ್ಲಿ ಹೊಸ ಬ್ರಿಜ್ ಆಯಿತು. ಮೊನ್ನೆ ನಮ್ಮ ಹೋಟೆಲಿಗೆ ಹೊಸದಾಗಿ ಸೇರಿದ ಹುಡುಗ, ಪಾರ್ಸೆಲ್ ಕೊಡಲು ಹೊರಟವನು, "ಅಣ್ಣ, ಆ ಬ್ರಿಜ್ ಮೇಲೆ ಹೋಗ್ಬೇಕಾ?" ಎಂದು ಅದೇ ಹೆಸರು ಹೇಳಿ ಕೇಳಿದ. ಗಲ್ಲಾ ಮುಚ್ಚಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಪಾರ್ಸೆಲ್ ಹತ್ತು ನಿಮಿಷ ತಡವಾಯಿತು. ಹೋಗುವಾಗ ಬಾಗಿಲಲ್ಲಿ ನಿಂತು, "ಹಿಮಾಲಯ ಬ್ರಿಜ್ ಅಲ್ವಾ ಅಣ್ಣ?" ಎಂದ.

ಹೌದು ಮಾರಾಯ, ಹಿಮಾಲಯ ಬ್ರಿಜ್ ಎಂದೆ.

ನಮಸ್ಕಾರ.